ಎಲ್ಲರಿಗೂ ಸೇರಿದ ಹಾಲ್‌ನಲ್ಲಿ ಧಾರ್ಮಿಕ ಪಟ, ದೀಪ, ಪ್ರಾರ್ಥನೆ: ನಿಯಮ ಬರೆಯೋದು ಹೇಗೆ?

ಕಂಬದಮರೆ (ಪ್ರಶ್ನೆ)

ಬೇರೆ ಬೇರೆ ಧರ್ಮದವರು, ಯಾವ ಧರ್ಮವೂ ಬೇಡ ಅನ್ನುವವರು ಎಲ್ಲರೂ ಬಳಸುವ ಕಟ್ಟಡವೊಂದರ ಮುಂದಿನ ಹಾಲ್‌ಗೆ ನಿಯಮ ಬರೆಯಬೇಕಾಗಿದೆ. ಹಾಲ್ ಯಾರೊಬ್ಬರ ಸ್ವಂತದ್ದೂ ಅಲ್ಲ, ಸಮಿತಿ ನೋಡಿಕೊಳ್ಳುತ್ತದೆ.

ಈಗಿನ ಸ್ಥಿತಿ ಇಷ್ಟು. ಗೋಡೆ ಮೇಲೆ ಒಂದು ಧರ್ಮದ ಪಟ ಬಹಳ ವರ್ಷದಿಂದ ಇದೆ, ಯಾರು ಹಾಕಿದ್ದು ಅಂತ ಕಡತದಲ್ಲಿ ಇಲ್ಲ. ಇನ್ನೆರಡು ಗುಂಪಿನವರು ತಮ್ಮ ಹಬ್ಬದ ದಿನಗಳಿಗೆ ಜಾಗ ಕೇಳಿದ್ದಾರೆ. ಮತ್ತೊಂದು ಗುಂಪು ವಾರಕ್ಕೊಮ್ಮೆ ಸ್ಪೀಕರ್‌ನಲ್ಲಿ ಪ್ರಾರ್ಥನೆ ಹಾಕುತ್ತೇವೆ ಅಂತ ಅರ್ಜಿ ಕೊಟ್ಟಿದೆ. ಇದನ್ನೆಲ್ಲ ನೋಡಿ "ಯಾವುದೂ ಬೇಡ, ಗೋಡೆ ಖಾಲಿ ಬಿಡಿ" ಅಂತ ಇನ್ನೊಂದು ಅರ್ಜಿ.

ಎಲ್ಲ ತೆಗೆಯೋದಾ, ಎಲ್ಲರಿಗೂ ಕೊಡೋದಾ, ಇದ್ದದ್ದು ಇದ್ದ ಹಾಗೇ ಬಿಡೋದಾ? ಸಹಿಷ್ಣುತೆಯ ಬಗ್ಗೆ ಉಪದೇಶ ಬೇಡ, ಸಭೆಯಲ್ಲಿ ಬೇಕಾದಷ್ಟು ಆಗಿದೆ. ಅಳತೆ, ಅವಧಿ, ಸದ್ದು, ಬೆಂಕಿ, ಯಾರು ತೆಗೆಯಬೇಕು, ಎಲ್ಲಿ ಎಡವುತ್ತಾರೆ, ಇಂಥದ್ದು ಗೊತ್ತಿದ್ದವರು ಹೇಳಿ.

---

ಕರಡುಪ್ರತಿ

ಅಳತೆಗಿಂತ ಮೊದಲು ಒಂದು ವಾಕ್ಯ ಬರೆದುಕೊಳ್ಳಿ: ಈ ಗೋಡೆಯಲ್ಲಿ ಮಾತಾಡುತ್ತಿರುವುದು ಯಾರು? ಸಮಿತಿಯೋ, ಬಳಕೆದಾರರೋ? ಇದು ತೀರ್ಮಾನವಾಗದೆ ಮುಂದಿನ ಯಾವ ನಿಯಮವೂ ನಿಲ್ಲುವುದಿಲ್ಲ.

ಬಾಸ್ಟನ್ ನಗರ ಎಡವಿದ್ದು ಇಲ್ಲೇ. ಅಲ್ಲಿನ ಸಿಟಿ ಹಾಲ್ ಮುಂದೆ ಮೂರು ಧ್ವಜಕಂಬಗಳಿವೆ. ಮೂರನೆಯದರಲ್ಲಿ ಹೊರಗಿನ ಗುಂಪುಗಳು ತಮ್ಮ ಧ್ವಜ ಹಾರಿಸಲು ನಗರಾಡಳಿತ ಬಿಡುತ್ತಿತ್ತು. 2005ರಿಂದ 2017ರವರೆಗೆ 284 ಸಮಾರಂಭಗಳಲ್ಲಿ ಸುಮಾರು 50 ಬಗೆಯ ಧ್ವಜಗಳು ಹಾರಿದವು. ಯಾರನ್ನೂ ಬೇಡ ಎಂದಿರಲಿಲ್ಲ. 2017ರಲ್ಲಿ ಕ್ರೈಸ್ತ ಧ್ವಜಕ್ಕೆ ಅರ್ಜಿ ಬಂದಾಗ ಮಾತ್ರ "ಇದು ಸರ್ಕಾರದ ಕಂಬ, ನಾವು ಒಂದು ಧರ್ಮವನ್ನು ಎತ್ತಿಹಿಡಿದಂತಾಗುತ್ತದೆ" ಎಂದರು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ನಗರದ ವಿರುದ್ಧ ತೀರ್ಪು ಕೊಟ್ಟರು. ಹನ್ನೆರಡು ವರ್ಷ ಕಣ್ಣುಮುಚ್ಚಿ ಎಲ್ಲರಿಗೂ ಕೊಟ್ಟ ಕಂಬ ಹದಿಮೂರನೆಯ ವರ್ಷ ಇದ್ದಕ್ಕಿದ್ದಂತೆ ಸರ್ಕಾರದ ದನಿ ಆಗಲಾರದು ಎನ್ನುವುದು ತೀರ್ಪಿನ ತಿರುಳು. ಕಂಬಕ್ಕೆ ಲಿಖಿತ ನಿಯಮವೇ ಇರಲಿಲ್ಲ ಎನ್ನುವುದೂ ನಗರಕ್ಕೆ ಮುಳುವಾಯಿತು.

ಎದುರು ಬದಿಯ ಉದಾಹರಣೆ ಅಮೆರಿಕದ್ದೇ ಪ್ಲೆಸೆಂಟ್ ಗ್ರೋವ್ ನಗರದ 2009ರ ಪ್ರಕರಣ. ಉದ್ಯಾನದಲ್ಲಿ ಬೈಬಲ್ಲಿನ ದಶಾಜ್ಞೆಗಳನ್ನು ಕೆತ್ತಿದ ಕಲ್ಲು ಇತ್ತು. ಸಮ್ಮಮ್ ಎಂಬ ಪಂಥದವರು ತಮ್ಮ ಕಲ್ಲನ್ನೂ ನಿಲ್ಲಿಸಬೇಕೆಂದರು. ಶಾಶ್ವತ ಸ್ಮಾರಕ ಯಾರು ಕೊಟ್ಟಿದ್ದರೂ ಅದು ನಗರದ್ದೇ ಮಾತು, ಹಾಗಾಗಿ ಆಯ್ಕೆಯೂ ನಗರದ್ದೇ ಎಂದಿತು ಕೋರ್ಟು. ಇವೆಲ್ಲ ಸರ್ಕಾರಗಳನ್ನು ಕಟ್ಟಿಹಾಕುವ ತೀರ್ಪುಗಳು. ನಿಮ್ಮ ಸಮಿತಿಗೆ ನೇರವಾಗಿ ಅನ್ವಯಿಸಲಿಕ್ಕಿಲ್ಲ, ಕಟ್ಟಡ ಇರುವ ಕಡೆಯ ಕಾನೂನನ್ನು ಬೇರೆಯಾಗಿಯೇ ನೋಡಬೇಕು. ಆದರೆ ತರ್ಕವನ್ನು ಎರವಲು ತರಬಹುದು: ಶಾಶ್ವತವಾದದ್ದು ಸಮಿತಿಯ ಮಾತು, ತಾತ್ಕಾಲಿಕವಾದದ್ದು ಇಟ್ಟವರ ಮಾತು.

ನನ್ನ ಸಲಹೆ ಇದರಿಂದಲೇ ಹೊರಡುತ್ತದೆ. ಶಾಶ್ವತ ಜಾಗ ಯಾರಿಗೂ ಬೇಡ. ತಾತ್ಕಾಲಿಕ ಜಾಗ ಒಂದೇ ಒಂದು ಇರಲಿ, ಎಲ್ಲರಿಗೂ ಒಂದೇ ಷರತ್ತು. ಷರತ್ತುಗಳು ವಸ್ತುವಿನ ಗಾತ್ರ, ದಿನ, ಸದ್ದು, ಸುರಕ್ಷತೆ ಇಷ್ಟರ ಬಗ್ಗೆ ಮಾತ್ರ ಇರಬೇಕು. "ಭಾವನೆಗೆ ನೋವಾಗದಂತೆ", "ಸೂಕ್ತವೆನಿಸಿದರೆ", "ಸಂಪ್ರದಾಯಕ್ಕೆ ಅನುಗುಣವಾಗಿ" ಎಂಬಂಥ ಪದಗಳು ಕರಡಿನಲ್ಲಿದ್ದರೆ ಹೊಡೆದುಹಾಕಿ. ಈ ಮೂರೂ ಅಧ್ಯಕ್ಷರು ಬದಲಾದಾಗ ಅರ್ಥ ಬದಲಿಸುವ ಪದಗಳು.

ಇನ್ನು ನಿಯಮ ಇದ್ದೂ ಅರೆಬರೆ ಪಾಲಿಸುವ ರೋಗ. ನ್ಯೂಜೆರ್ಸಿಯ ಟೆನಫ್ಲೈಯಲ್ಲಿ ಕರೆಂಟು-ಟೆಲಿಫೋನ್ ಕಂಬಗಳಿಗೆ ಏನನ್ನೂ ಅಂಟಿಸಬಾರದೆಂದು ಹಳೆಯ ನಿಯಮವಿತ್ತು. ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಮನೆಯಾಚೆ ವಸ್ತುಗಳನ್ನು ಹೊತ್ತೊಯ್ಯಲು ಅನುವಾಗುವಂತೆ ಸಂಪ್ರದಾಯಸ್ಥ ಯಹೂದಿಗಳು ಒಂದು ಗಡಿ ಗುರುತಿಸುತ್ತಾರೆ, ಅದಕ್ಕೆ ಎರುವ್ ಎಂದು ಹೆಸರು. ಅದಕ್ಕಾಗಿ ಕಂಬಗಳಿಗೆ ತೆಳ್ಳನೆಯ ಕಪ್ಪು ಪ್ಲಾಸ್ಟಿಕ್ ಪಟ್ಟಿ ಹಾಕಿದರು. ಹೇಳದಿದ್ದರೆ ಯಾರ ಕಣ್ಣಿಗೂ ಬೀಳದಂಥದ್ದು. ಆಡಳಿತ ತೆಗೆಸಲು ಹೊರಟಿತು. ಆದರೆ ಅದೇ ಕಂಬಗಳಲ್ಲಿ ಮನೆ ನಂಬರು, ಚರ್ಚಿಗೆ ದಾರಿ ತೋರಿಸುವ ಫಲಕ, ಕಳೆದುಹೋದ ಸಾಕುಪ್ರಾಣಿಯ ಚೀಟಿ ಎಲ್ಲ ಇದ್ದವು, ಯಾರೂ ಕೇಳಿರಲಿಲ್ಲ. 2002ರಲ್ಲಿ ಮೇಲ್ಮನವಿ ಕೋರ್ಟು ಪಟ್ಟಿ ಹಾಕಿದವರ ಪರ ನಿಂತಿತು. ನಿಮ್ಮ ನೋಟಿಸ್ ಬೋರ್ಡನ್ನು ಈಗಲೇ ಒಮ್ಮೆ ನೋಡಿ ಬನ್ನಿ. ಯೋಗ ತರಗತಿಯ ಕರಪತ್ರ, ಮಾರಾಟಕ್ಕಿಟ್ಟ ಸೋಫಾ ಚಿತ್ರ ಅಲ್ಲಿದ್ದರೆ "ಬೋರ್ಡು ಅಧಿಕೃತ ಸೂಚನೆಗೆ ಮಾತ್ರ" ಎಂದು ಧರ್ಮದವರಿಗಷ್ಟೇ ಹೇಳಲಾಗದು.

ಸರದಿ ಹಂಚುವಾಗ ಒಂದು ಗುಂಪಿಗೆ ಒಂದೇ ಅರ್ಜಿ ಎಂದು ಬರೆಯಲು ಮರೆಯಬೇಡಿ. ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ನಗರದ ಪ್ಯಾಲಿಸೇಡ್ಸ್ ಪಾರ್ಕಿನಲ್ಲಿ ಚರ್ಚುಗಳು ದಶಕಗಳ ಕಾಲ ಯೇಸುವಿನ ಜನನದ ದೃಶ್ಯಗಳನ್ನು ಇಡುತ್ತಿದ್ದವು. 2011ರಲ್ಲಿ ಚೀಟಿ ಎತ್ತಿದಾಗ 21 ಜಾಗಗಳಲ್ಲಿ 18 ನಾಸ್ತಿಕರ ಪಾಲಾದವು. ನಿಯಮದಲ್ಲಿದ್ದ ಸಂದನ್ನು ಅವರು ಬಳಸಿಕೊಂಡರು, ಅಷ್ಟೇ. ಮರುವರ್ಷ ನಗರ ಇಟ್ಟುಹೋಗುವ ಪ್ರದರ್ಶನಗಳನ್ನೇ ನಿಲ್ಲಿಸಿತು. ಚರ್ಚುಗಳೂ ಹೊರಗೆ, ನಾಸ್ತಿಕರೂ ಹೊರಗೆ.

---

ಫ್ಯೂಸ್‌ಬಾಕ್ಸ್

ಕಾನೂನು ಮೇಲಿನವರು ಹೇಳಿದ್ದಾರೆ. ನಾನು ಮೇಜು, ಮೊಳೆ, ಹೊಗೆ ವಿಷಯ ಹೇಳ್ತೀನಿ. ಜಗಳ ಶುರುವಾಗೋದು ತತ್ವದಿಂದ ಅಂದ್ಕೋತೀವಿ, ಬಹಳ ಸಲ ಶುರುವಾಗೋದು ಎಣ್ಣೆ ಕಲೆಯಿಂದ.

ಜಾಗ: ಗೋಡೆ ಬೇಡ, ಮೇಜು ಕೊಡಿ. 120 × 60 ಸೆಂ.ಮೀ. ಮೇಜು, ಮೇಜಿನ ಮೇಲಿಂದ 90 ಸೆಂ.ಮೀ. ಎತ್ತರದೊಳಗೆ ಎಲ್ಲವೂ ಇರಬೇಕು. ಗೋಡೆಗೆ ಮೊಳೆ ಹೊಡೆದ ಮೇಲೆ ಮನಸ್ಸಿನಲ್ಲಿ ಅದು "ನಮ್ಮ ಜಾಗ" ಆಗಿಬಿಡುತ್ತೆ. ಮೇಜನ್ನು ಒಳಗೆ ಬರುವ ಬಾಗಿಲಿಗೆ ನೇರ ಎದುರು ಇಡಬೇಡಿ, ಪಕ್ಕದ ಗೋಡೆಗಿಡಿ. ಬೇಕಾದವರು ಹತ್ತಿರ ಹೋಗ್ತಾರೆ, ಬೇಡದವರು ನೋಡದೆ ಲಿಫ್ಟಿಗೆ ಹೋಗಬಹುದು. ಓಡಾಡುವ ದಾರಿ 1.2 ಮೀಟರಿಗಿಂತ ಕಿರಿದಾಗಬಾರದು, ವೀಲ್‌ಚೇರ್ ತಿರುಗುವ ಕಡೆ 1.5 ಮೀಟರ್ ಬಿಡಿ. ಜನ ಮೇಜಿನ ಮುಂದೆ ನಿಂತಿರುವಾಗಿನ ಅಳತೆ ಇದು, ಖಾಲಿ ಹಾಲ್‌ನಲ್ಲಿ ಟೇಪ್ ಹಿಡಿದು ಅಳೆದದ್ದಲ್ಲ.

ಬೆಂಕಿ: ಬರಿ ಜ್ವಾಲೆ ಯಾರಿಗೂ ಬೇಡ. ಎಣ್ಣೆ ದೀಪ, ಮೇಣದಬತ್ತಿ, ಸಾಂಬ್ರಾಣಿ, ಅಗರಬತ್ತಿ ನಾಲ್ಕಕ್ಕೂ ಒಂದೇ ಸಾಲು. ಬ್ಯಾಟರಿ ದೀಪ ಸಾಕು. ಅಗರಬತ್ತಿ ಒಂದಕ್ಕೆ ಬಿಟ್ಟರೇನು ಅಂತ ಕೇಳ್ತಾರೆ. ಸುಮ್ಮನೆ ಕನಲುವ ವಸ್ತುವಿನ ಹೊಗೆಯಲ್ಲಿ ಕಣಗಳು ದಪ್ಪ ಇರುತ್ತವೆ. ಬೆಳಕಿನ ಕಿರಣ ಚದುರೋದನ್ನು ಗುರುತಿಸುವ ಸ್ಮೋಕ್ ಡಿಟೆಕ್ಟರ್ ಹಿಡಿಯೋದು ಅಂಥ ಹೊಗೆಯನ್ನೇ. ಎರಡು ಸಲ ಅಲಾರಂ ಹೊಡೆದ ಮೇಲೆ ಯಾರೋ ಪುಣ್ಯಾತ್ಮರು ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ, ಹಬ್ಬ ಮುಗಿದ ಮೇಲೆ ಬಿಚ್ಚೋದು ಮರೆಯುತ್ತಾರೆ. ನಿಯಮದಲ್ಲಿ ಇದನ್ನೇ ಬರೆಯಿರಿ: ಡಿಟೆಕ್ಟರ್ ಮುಚ್ಚಿದರೆ ಆ ಗುಂಪಿನ ಮುಂದಿನ ಸರದಿ ರದ್ದು.

ಕರೆಂಟು: ಮೇಜಿಗೆ ಒಂದೇ ಪ್ಲಗ್ ಪಾಯಿಂಟ್. ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಸಿಕ್ಕಿಸೋದು ಬೇಡ. ಸೀರಿಯಲ್ ಸೆಟ್ ರಾತ್ರಿ ಆರಲಿ, ಟೈಮರ್ ಹಾಕಿದರೆ ಯಾರಿಗೂ ಜ್ಞಾಪಿಸಬೇಕಾಗಿಲ್ಲ. ವೈರು ದಾರಿಗೆ ಅಡ್ಡ ಬರಬಾರದು, ಮ್ಯಾಟ್ ಕೆಳಗೂ ಹೋಗಬಾರದು. ತುಳಿದು ತುಳಿದು ಒಳಗೆ ಸವೆದಿರೋದು ಮ್ಯಾಟ್ ಕೆಳಗಿದ್ದರೆ ಕಾಣೋದೇ ಇಲ್ಲ.

ಅವಧಿ: ಒಂದು ಸರದಿಗೆ 10 ದಿನ, ಇಡಲು ಒಂದು ದಿನ, ತೆಗೆಯಲು ಒಂದು ದಿನ, ಎರಡು ಸರದಿಗಳ ನಡುವೆ ಕನಿಷ್ಠ 3 ದಿನ ಮೇಜು ಖಾಲಿ. ಆ ಖಾಲಿ ದಿನಗಳನ್ನು ಕಡಿಮೆ ಮಾಡಬೇಡಿ. ಮೇಜು ಖಾಲಿ ಕಂಡಾಗಲೇ ಅದು ಎಲ್ಲರದ್ದು ಅಂತ ಜನಕ್ಕೆ ಗೊತ್ತಾಗೋದು.

ಈಗ ಯಾರೂ ಬರೆಯದ ಷರತ್ತು: ತೆಗೆಯೋದು ಯಾರು? ಇಡುವಾಗ ಹತ್ತು ಜನ ಬರ್ತಾರೆ, ತೆಗೆಯುವಾಗ ಒಬ್ಬರೂ ಇರಲ್ಲ. ಹನ್ನೊಂದನೇ ದಿನ ಹೌಸ್‌ಕೀಪಿಂಗ್‌ನವರು ಪವಿತ್ರ ವಸ್ತುವನ್ನು ಮುಟ್ಟಿ ಸ್ಟೋರ್‌ರೂಮಿನ ಪೊರಕೆ ಪಕ್ಕ ಇಟ್ಟರೆ ಆಮೇಲಿನ ಗಲಾಟೆ ನಿಮಗೇ ಗೊತ್ತು. ಅರ್ಜಿಯಲ್ಲೇ ಮೂರು ಕಾಲಂ ಇಡಿ. ತೆಗೆಯುವವರ ಹೆಸರು. ಅವರು ಬರದಿದ್ದರೆ ಬದಲಿ ವ್ಯಕ್ತಿಯ ಹೆಸರು. ಇಬ್ಬರೂ 48 ಗಂಟೆಯಲ್ಲಿ ಬರದಿದ್ದರೆ ಸಿಬ್ಬಂದಿ ಅದನ್ನು ಹೇಗೆ ಎತ್ತಬೇಕು, ಯಾವುದರಲ್ಲಿ ಸುತ್ತಬೇಕು, ಎಲ್ಲಿಡಬೇಕು ಅನ್ನೋದನ್ನು ಇಟ್ಟವರೇ ತಮ್ಮ ಕೈಯಾರೆ ಬರೆದು ಸಹಿ ಹಾಕಬೇಕು. ಗ್ರಂಥ ಇದ್ದರೆ ನೆಲಕ್ಕಿಡಬಾರದು, ಶುಭ್ರ ಬಟ್ಟೆಯಲ್ಲೇ ಸುತ್ತಬೇಕು ಅನ್ನೋ ಸೂಚನೆಗಳು ಬರುತ್ತವೆ. ಅವರಿಂದಲೇ ಬರಲಿ, ಸಮಿತಿ ಊಹಿಸೋದು ಬೇಡ. ಸ್ಟೋರ್‌ರೂಮಿನಲ್ಲಿ ಎದೆ ಎತ್ತರದ ಒಂದು ಶೆಲ್ಫ್ ಇದಕ್ಕೇ ಮೀಸಲಿಡಿ.

ಕೊನೆಗೆ, ಕಾಣಿಕೆ ಡಬ್ಬಿ ಬೇಡ. ಡಬ್ಬಿ ಬಂದರೆ ಲೆಕ್ಕ ಬರುತ್ತೆ, ಲೆಕ್ಕ ಬಂದರೆ ಪದಾಧಿಕಾರಿ ಬರ್ತಾರೆ, ಆಮೇಲೆ ಆ ಮೇಜು ಎತ್ತೋಕಾಗಲ್ಲ. ಪ್ರತಿಷ್ಠಾಪನೆ, ದಿನದ ಪೂಜೆ, ತಿನಿಸಿನ ನೈವೇದ್ಯ ಕೂಡ ಇದೇ ಕಾರಣಕ್ಕೆ ಹೊರಗೆ. ಅದು ಪ್ರದರ್ಶನದ ಮೇಜು, ಆರಾಧನೆಯ ಸ್ಥಳ ಅಲ್ಲ. ಇರುವೆ ಕಾಟ ತಪ್ಪೋದು ಮೇಲಿನ ಲಾಭ.

---

ಮಂದ್ರಸ್ಥಾಯಿ

ಸ್ಪೀಕರ್ ಅರ್ಜಿಯನ್ನು ಮೇಜಿನ ಅರ್ಜಿಯ ಜತೆ ಒಂದೇ ಕಡತದಲ್ಲಿ ಇಡಬೇಡಿ. ಪಟದಿಂದ ಕಣ್ಣು ತಿರುಗಿಸಬಹುದು, ಕಿವಿಗೆ ರೆಪ್ಪೆ ಇಲ್ಲ.

ಸದ್ದಿನ ಲೆಕ್ಕ ಗೊತ್ತಿಲ್ಲದೆ ಬರೆದ ನಿಯಮ ಕಾಗದದ ಮೇಲಷ್ಟೇ ಇರುತ್ತದೆ. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ, ಆದರೆ ಗ್ರಾನೈಟ್ ನೆಲ, ಗಾಜಿನ ಗೋಡೆಯ ಹಾಲ್‌ನಲ್ಲಿ ಪ್ರತಿಧ್ವನಿ ಇರುವುದರಿಂದ ಅಷ್ಟು ಇಳಿಯುವುದಿಲ್ಲ. "ಸ್ಪೀಕರ್ ಮೂಲೆಯಲ್ಲಿದೆ, ಮೇಲಿನ ಮಹಡಿಗೆ ಕೇಳಲ್ಲ" ಎಂಬ ಮಾತು ಅದಕ್ಕೇ ಸುಳ್ಳಾಗುತ್ತದೆ. ಮೆಟ್ಟಿಲಿನ ಗೂಡು ಕೊಳವೆಯಂತೆ ಸದ್ದನ್ನು ಮೇಲಕ್ಕೆ ಒಯ್ಯುತ್ತದೆ.

ಒಂದು ದೊಡ್ಡ ಸ್ಪೀಕರ್ ಬದಲು ಕೇಳುವವರ ಹತ್ತಿರವೇ ನಾಲ್ಕು ಸಣ್ಣವು ಇಡಿಸಿ. ಕೇಳಬೇಕಾದವರಿಗೆ ಅದೇ ಮಟ್ಟ ಸಿಗುತ್ತದೆ, ಉಳಿದವರಿಗೆ ತಲುಪುವುದು ಬಹಳ ಕಡಿಮೆ. ಅಳೆಯುವುದು ಸ್ಪೀಕರ್ ಮುಂದೆ ಅಲ್ಲ, ದೂರು ಕೊಟ್ಟವರ ಕಿಟಕಿಯ ಹತ್ತಿರ. ಮೊದಲು ಪ್ರಾರ್ಥನೆ ಇಲ್ಲದ ಹೊತ್ತಿನಲ್ಲಿ ಅದೇ ಜಾಗದ ಸದ್ದು ಅಳೆದು ಬರೆದಿಡಿ, ಮಿತಿಯನ್ನು ಅದರ ಮೇಲೆ ಇಷ್ಟು ಎಂದು ಗೊತ್ತುಮಾಡಿ. ಮೊಬೈಲ್ ಆ್ಯಪ್‌ಗಳು ಒಂದೊಂದು ಫೋನಿನಲ್ಲಿ ಒಂದೊಂದು ಅಂಕಿ ತೋರಿಸುತ್ತವೆ. ಜಗಳ ಅಂಕಿಯ ಮೇಲೇ ಇದ್ದರೆ ಕ್ಯಾಲಿಬ್ರೇಟ್ ಮಾಡಿದ ಕ್ಲಾಸ್ 2 (ಸಾಮಾನ್ಯ ಬಳಕೆಯ ನಿಖರತೆ ದರ್ಜೆ) ಸದ್ದಿನ ಮೀಟರ್ ತರಿಸಿ.

ಒಂದು ಬಲೆ: ಸಾಮಾನ್ಯವಾಗಿ ಬಳಸುವ ಎ-ವೇಟಿಂಗ್ ಅಳತೆ ಕೆಳ ಸ್ಥಾಯಿಯನ್ನು ತುಂಬಾ ಕಡಿಮೆ ಮಾಡಿ ಲೆಕ್ಕ ಹಿಡಿಯುತ್ತದೆ. 63 ಹರ್ಟ್ಸ್‌ನಲ್ಲಿ ಅದು 26 ಡೆಸಿಬೆಲ್ ಕಳೆದುಬಿಡುತ್ತದೆ. ಡೊಳ್ಳಿನಂಥ ದೊಡ್ಡ ಚರ್ಮವಾದ್ಯ, ಆರ್ಗನ್ನಿನ ಕೆಳ ಸ್ವರ, ಸಬ್‌ವೂಫರ್ ಇದ್ದಾಗ ಮೀಟರ್ "ಮಿತಿಯೊಳಗಿದೆ" ಅನ್ನುತ್ತದೆ, ಮೇಲಿನ ಮನೆಯ ಪಾತ್ರೆ ಮಾತ್ರ ಅದುರುತ್ತಿರುತ್ತದೆ. ಅಂಥ ಕಡೆ ಕೆಳ ಸ್ಥಾಯಿಯನ್ನು ಅಷ್ಟಾಗಿ ಕಳೆಯದ ಸಿ-ವೇಟಿಂಗ್ ಅಂಕಿಯನ್ನೂ ತೆಗೆದುಕೊಳ್ಳಿ.

ಮಾದರಿ ಬೇಕೆಂದರೆ ಜರ್ಮನಿಯ ಕೊಲೋನ್ ನಗರ 2021ರಲ್ಲಿ ಹಾಕಿದ ಷರತ್ತುಗಳನ್ನು ನೋಡಿ. ಮಸೀದಿಗಳು ಅರ್ಜಿ ಕೊಟ್ಟರೆ ಶುಕ್ರವಾರ ಮಾತ್ರ, ಮಧ್ಯಾಹ್ನ 12ರಿಂದ 3ರೊಳಗೆ, ಹೆಚ್ಚೆಂದರೆ ಐದು ನಿಮಿಷ ಕರೆ ಕೊಡಬಹುದು. ಸದ್ದಿನ ಮಿತಿ ಆಯಾ ಸ್ಥಳಕ್ಕೆ ತಕ್ಕಂತೆ. ಅಕ್ಕಪಕ್ಕದವರಿಗೆ ಮೊದಲೇ ಕರಪತ್ರ ಹಂಚಬೇಕು, ದೂರು ಕೇಳಲು ಒಬ್ಬ ವ್ಯಕ್ತಿಯನ್ನು ಗೊತ್ತುಮಾಡಬೇಕು. ಇಡೀ ವ್ಯವಸ್ಥೆ ಶುರುವಾದದ್ದು ಎರಡು ವರ್ಷದ ಪ್ರಯೋಗವಾಗಿ. ಇದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ದೂರು ಕೇಳುವ ವ್ಯಕ್ತಿ. ದೂರು ನೇರವಾಗಿ ಆಡಳಿತಕ್ಕೆ ಹೋಗದೆ ಮೊದಲು ಅವರಲ್ಲೇ ಒಬ್ಬರಿಗೆ ಹೋದರೆ ಅರ್ಧ ದೂರುಗಳು ವಾಲ್ಯೂಮ್ ಗುಂಡಿಯ ಹತ್ತಿರವೇ ಮುಗಿಯುತ್ತವೆ.

ಗಂಟೆ, ಕರೆ, ಭಜನೆ, ಹಾಡು ಏನೇ ಆಗಲಿ, ಧರ್ಮ ಸೇರದ ಸಂಗೀತ ಸಂಜೆಗೂ ಇದೇ ಅಂಕಿ ಇರಬೇಕು. ಇಲ್ಲದಿದ್ದರೆ ಕರಡುಪ್ರತಿಯವರು ಹೇಳಿದ ಕಂಬದ ಕತೆ ಸ್ಪೀಕರಿಗೂ ಬರುತ್ತದೆ.

---

ಎರಡನೇಓದು

ಮೇಲಿನ ಮೂವರೂ ಹೇಳಿದ್ದು ಸರಿಯೇ, ಆದರೆ "ಗೋಡೆ ಖಾಲಿ ಬಿಡಿ" ಎಂದವರ ಅರ್ಜಿಗೆ ಯಾರೂ ಉತ್ತರಿಸಿಲ್ಲ. ಅವರ ತಕರಾರು ಏನೆಂದು ಕೇಳಿ, ಮೂರು ಬೇರೆ ಬೇರೆ ಇರಬಹುದು. ಕಾಣುತ್ತದೆ ಎಂಬುದು ಒಂದು. ತಪ್ಪಿಸಿಕೊಳ್ಳಲು ಆಗದು ಎಂಬುದು ಇನ್ನೊಂದು. ಪಾಲ್ಗೊಳ್ಳಬೇಕಾಗುತ್ತದೆ ಎಂಬುದು ಮೂರನೆಯದು.

ಕಾಣುವುದಷ್ಟೇ ತೊಂದರೆಯಾದರೆ ಅದನ್ನು ತಾಳಿಕೊಳ್ಳಿ ಎನ್ನಬಹುದು. ಇಷ್ಟವಾದದ್ದನ್ನು ಯಾರೂ ಸಹಿಸುವುದಿಲ್ಲ, ಇಷ್ಟವಿಲ್ಲದ್ದಕ್ಕೇ ಆ ಪದ ಇರುವುದು. ಇಟಲಿಯ ಶಾಲಾ ಕೋಣೆಗಳ ಶಿಲುಬೆಯ ಬಗ್ಗೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಅದು ಹಕ್ಕಿನ ಉಲ್ಲಂಘನೆ ಎಂದು ಹೇಳಿ, 2011ರಲ್ಲಿ ಹಿರಿಯ ಪೀಠದಲ್ಲಿ 15-2ರಿಂದ ಆ ಮಾತನ್ನು ತಿರುಗಿಸಿತು. ಗೋಡೆಯ ಶಿಲುಬೆ ಮೂಲತಃ ಸುಮ್ಮನಿರುವ ಸಂಕೇತ, ಬೋಧನೆಗೋ ಆಚರಣೆಗೋ ಅದು ಸಮವಲ್ಲ ಎಂಬುದು ಅಲ್ಲಿನ ಮುಖ್ಯ ಕಾರಣಗಳಲ್ಲೊಂದು. ಇದನ್ನು ಒಪ್ಪದವರು ಬಹಳ ಮಂದಿ ಇದ್ದಾರೆ, ನಾನೂ ಪೂರ್ತಿ ಒಪ್ಪುವುದಿಲ್ಲ. ಮಕ್ಕಳು ಬಿಟ್ಟುಹೋಗಲಾರದ ಕೋಣೆಯೂ ದೊಡ್ಡವರು ಹಾದುಹೋಗುವ ಹಾಲೂ ಒಂದೇ ಅಲ್ಲ. ನಿಮ್ಮದು ಹಾದುಹೋಗುವ ಹಾಲ್, ಆದ್ದರಿಂದ ನಿಮಗೆ ಆ ತರ್ಕ ಹೆಚ್ಚು ಹೊಂದುತ್ತದೆ.

ಪಾಲ್ಗೊಳ್ಳಬೇಕಾದರೆ ಮಾತೇ ಬೇರೆ. ಸಮಿತಿಯ ಸಭೆ ಪ್ರಾರ್ಥನೆಯಿಂದ ಶುರುವಾಗುತ್ತಿದ್ದರೆ ಮೊದಲು ಅದನ್ನು ಸರಿಮಾಡಿ. ಪ್ರಾರ್ಥನೆ ಬೇಕಾದವರು ಸಭೆಯ ಹೊತ್ತಿಗೆ ಹತ್ತು ನಿಮಿಷ ಮೊದಲು ಸೇರಲಿ, ಮುಗಿದ ಮೇಲೆ ಬಾಗಿಲು ತೆರೆದು ಹಾಜರಿ ತೆಗೆದುಕೊಳ್ಳಲಿ. "ಎಲ್ಲರೂ ಎದ್ದು ನಿಲ್ಲಿ" ಎಂಬ ಮಾತು ಬೇಡ. ಕೂತೇ ಇರುವವರನ್ನು ಆ ಒಂದು ವಾಕ್ಯ ನೂರು ಜನರ ಮುಂದೆ ಗುರುತಿಸಿಕೊಡುತ್ತದೆ.

ಸಿಬ್ಬಂದಿ ಮೈಮೇಲೆ ಧರಿಸಿದ ಗುರುತುಗಳನ್ನು ಈ ನಿಯಮಕ್ಕೆ ಎಳೆಯಬೇಡಿ. 2013ರಲ್ಲಿ ಅದೇ ಯುರೋಪಿನ ನ್ಯಾಯಾಲಯ ಒಂದೇ ತೀರ್ಪಿನಲ್ಲಿ ವಿಮಾನ ಕಂಪನಿಯ ಉದ್ಯೋಗಿಯ ಕೊರಳ ಶಿಲುಬೆಯನ್ನು ಎತ್ತಿಹಿಡಿಯಿತು, ಆಸ್ಪತ್ರೆಯ ನರ್ಸ್‌ನದನ್ನು ಎತ್ತಿಹಿಡಿಯಲಿಲ್ಲ. ಮೊದಲನೆಯದರಲ್ಲಿ ಅಡ್ಡ ಬಂದಿದ್ದು ಕಂಪನಿಯ ಚಂದದ ಚಿಂತೆ, ಎರಡನೆಯದರಲ್ಲಿ ರೋಗಿ ಸರ ಹಿಡಿದೆಳೆದಾನು, ಗಾಯಕ್ಕೆ ತಾಗೀತು ಎಂಬ ಸುರಕ್ಷತೆ. ನಿರ್ಬಂಧಕ್ಕೆ ಕಾರಣ ಕೈಗೆ ಸಿಗುವಂಥದ್ದಿರಬೇಕು.

---

ಕಂಬದಮರೆ

ಎಲ್ಲರಿಗೂ ಧನ್ಯವಾದ. ಮೇಜು, ತೆಗೆಯುವವರ ಕಾಲಂ, ದೂರು ಕೇಳುವ ವ್ಯಕ್ತಿ ಮೂರೂ ಕರಡಿಗೆ ಹೋದವು. ಉಳಿದದ್ದು ಗೋಡೆಯ ಹಳೆಯ ಪಟ. ಶಾಶ್ವತ ಜಾಗ ಯಾರಿಗೂ ಬೇಡ ಅಂದರೆ ಅದನ್ನೂ ತೆಗೆಯಬೇಕಾ? ತೆಗೆದ ದಿನವೇ ಉಳಿದೆಲ್ಲ ನಿಯಮಕ್ಕೂ ಬೆಂಕಿ ಬೀಳಬಹುದು.

---

ಕರಡುಪ್ರತಿ

ಹಳೆಯದನ್ನೂ ಹೊಸದನ್ನೂ ಕೋರ್ಟುಗಳು ಬೇರೆ ಬೇರೆ ತಕ್ಕಡಿಯಲ್ಲೇ ತೂಗಿವೆ. 2005ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟಿನಿಂದ ಒಂದೇ ದಿನ ಎರಡು ತೀರ್ಪು ಬಂದವು. ಟೆಕ್ಸಸ್‌ನಲ್ಲಿ ನಾಲ್ಕು ದಶಕ ನಿಂತಿದ್ದ ದಶಾಜ್ಞೆಗಳ ಕಲ್ಲು ಉಳಿಯಿತು, ಕೆಂಟಕಿಯ ಕೋರ್ಟ್ ಕಟ್ಟಡಗಳಲ್ಲಿ ಹೊಸದಾಗಿ ತೂಗುಹಾಕಿದ ದಶಾಜ್ಞೆಗಳು ಹೋದವು. ಅದೇ ದೇಶದ ಬ್ಲೇಡನ್ಸ್‌ಬರ್ಗ್ ಊರಿನ 40 ಅಡಿಯ ಶಿಲುಬೆ ಯುದ್ಧದಲ್ಲಿ ಮಡಿದವರ ಸ್ಮಾರಕವಾಗಿ 1925ರಿಂದ ನಿಂತಿದೆ. 2019ರಲ್ಲಿ ಅದೂ 7-2ರಿಂದ ಉಳಿಯಿತು. ಅಷ್ಟು ಕಾಲ ಇದ್ದದ್ದನ್ನು ಕಿತ್ತರೆ ಅದು ತಟಸ್ಥ ನಡೆಯಾಗಿ ಕಾಣದು, ಒಂದು ಧರ್ಮದ ಮೇಲಿನ ಹಗೆಯಾಗಿ ಕಂಡೀತು ಎಂಬ ವಾದ ಅಲ್ಲಿದೆ. ಆದ್ದರಿಂದ ಪಟ ಇರಲಿ, ಅದರ ಕೆಳಗೆ ಹೊಸದೇನೂ ಸೇರದಿರಲಿ: ದೀಪ, ಹಾರ, ಶೆಲ್ಫ್ ಯಾವುದೂ. ಇದ್ದ ಗಾತ್ರದ ಫೋಟೋ ತೆಗೆದು ಕಡತಕ್ಕೆ ಹಾಕಿ.

---

ಎರಡನೇಓದು

ಇಲ್ಲಿ ನನ್ನದು ಭಿನ್ನಮತ. "ಹಳೆಯದು ಇರಲಿ" ಎಂದರೆ ಮೊದಲು ಬಂದವರಿಗೆ ಶಾಶ್ವತ ಗೋಡೆ, ಆಮೇಲೆ ಬಂದವರಿಗೆ ಹತ್ತು ದಿನದ ಮೇಜು. ಸ್ಮಾರಕಕ್ಕೆ ಸತ್ತವರ ನೆನಪಿನ ಭಾರವಿದೆ, ಯಾರೋ ಮೊಳೆ ಹೊಡೆದು ಮರೆತ ಪಟಕ್ಕೆ ಅದಿಲ್ಲ. ಮಧ್ಯದ ದಾರಿ: ಗೋಡೆಗೆ ಸುಣ್ಣಬಣ್ಣ ಮಾಡಿಸುವ ದಿನವನ್ನು ಈಗಲೇ ಗೊತ್ತುಮಾಡಿ. ಆ ದಿನ ಗೋಡೆಯ ಮೇಲಿನ ಗಡಿಯಾರ, ಕ್ಯಾಲೆಂಡರ್, ಪಟ ಎಲ್ಲವೂ ಇಳಿಯುತ್ತವೆ, ಮತ್ತೆ ಏರುವುದು ಸಮಿತಿಯದ್ದು ಮಾತ್ರ. ಪಟ ಅದರ ಧರ್ಮದವರ ಕೈಗೆ ಗೌರವದಿಂದ ಹೋಗಲಿ, ಮೇಜಿನ ಮೊದಲ ಸರದಿ ಅವರಿಗೇ ಇರಲಿ. ಸುಣ್ಣದ ನೆಪ ಹೇಳಿ ಗುಟ್ಟಾಗಿ ಇಳಿಸಬೇಡಿ, ಆರು ತಿಂಗಳು ಮೊದಲೇ ನೋಟಿಸ್ ಹಾಕಿ.

---

ಫ್ಯೂಸ್‌ಬಾಕ್ಸ್

ಇಳಿಸೋದಾದರೆ ಒಂದು ಮಾತು. ಬಹಳ ವರ್ಷ ಪಟ ಇದ್ದ ಜಾಗದಲ್ಲಿ ಬಣ್ಣ ಮಾಸಿರಲ್ಲ, ಚೌಕಾಕಾರದ ಗುರುತು ಎದ್ದು ಕಾಣುತ್ತೆ. ಅದು ಕಂಡಷ್ಟು ದಿನ ಜನ ಅದನ್ನೇ ತೋರಿಸಿ ಮಾತಾಡ್ತಾರೆ. ಅಷ್ಟಕ್ಕೇ ತೇಪೆ ಹಾಕಿದರೆ ಇನ್ನೂ ಚೆನ್ನಾಗಿ ಕಾಣುತ್ತೆ. ಮೊಳೆ ಕಿತ್ತು, ತೂತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಪ್ರೈಮರ್ ಹಾಕಿ, ಆ ಮೂಲೆಯಿಂದ ಈ ಮೂಲೆವರೆಗೆ ಇಡೀ ಗೋಡೆಗೆ ಎರಡು ಕೋಟ್ ಹೊಡೆಸಿ.